ಒಂದು ಮೇಲೆ, ಇನ್ನೊಂದು ಕೆಳಗೆ: ವೃಷಣಗಳ ಸ್ಥಾನ ವ್ಯತ್ಯಾಸಕ್ಕೆ ವೈದ್ಯಕೀಯ ಕಾರಣಗಳು

ಬಹುಪಾಲು ಗಂಡಸರಲ್ಲಿ ಎಡಗಡೆಯ ವೃಷಣವು ಬಲಗಡೆಯದಕ್ಕಿಂತ ತುಸು ಕೆಳಗೆ ಇಳಿಬಿದ್ದಿರುತ್ತದೆ. ದೇಹದ ರಚನೆಯೇ ಹಾಗಿದೆ. ಆದರೆ ಈ ಸರಳ ಸಂಗತಿಯನ್ನು ನಮ್ಮ ಮನೆಗಳಲ್ಲಿ ಯಾರೂ ಯಾರಿಗೂ ಹೇಳುವುದಿಲ್ಲವಾದ್ದರಿಂದ, ಹದಿಹರೆಯದಲ್ಲಿ ಅದನ್ನು ಮೊದಲ ಸಲ ಗಮನಿಸಿದ ಹುಡುಗ ತನಗೇನೋ ಆಗಿಬಿಟ್ಟಿದೆ ಎಂದು ತಿಂಗಳುಗಟ್ಟಲೆ ಒಳಗೊಳಗೇ ಕೊರಗುತ್ತಾನೆ. ಅದೇ ಮೌನದ ಇನ್ನೊಂದು ಮುಖ ಇದಕ್ಕಿಂತ ಕ್ರೂರವಾದುದು. ನಿಜಕ್ಕೂ ಅಪಾಯಕಾರಿಯಾದ ವ್ಯತ್ಯಾಸ ಕಾಣಿಸಿಕೊಂಡ ರಾತ್ರಿ ಅದೇ ಹುಡುಗ ತಾಯಿಯ ಮುಂದೆ 'ಹೊಟ್ಟೆನೋವು' ಎಂದಷ್ಟೇ ಹೇಳಿ ಮಲಗಿಬಿಡುತ್ತಾನೆ.

ವೃಷಣಗಳ ಏರುಪೇರನ್ನು ನೋಡುವ ವೈದ್ಯರು ಎಷ್ಟು ವ್ಯತ್ಯಾಸವಿದೆ ಎಂದು ಅಳೆಯುವುದಕ್ಕಿಂತ ಮೊದಲು ಯಾವಾಗಿನಿಂದ ಹೀಗಿದೆ ಎಂದು ಕೇಳುತ್ತಾರೆ. ಹುಟ್ಟಿನಿಂದ ಇದ್ದದ್ದಕ್ಕೆ ಒಂದು ಅರ್ಥ, ತಿಂಗಳುಗಳಲ್ಲಿ ಮೆಲ್ಲಗೆ ಬೆಳೆದದ್ದಕ್ಕೆ ಇನ್ನೊಂದು ಅರ್ಥ, ಇವತ್ತು ಬೆಳಗಿನ ಜಾವ ಶುರುವಾದದ್ದಕ್ಕೆ ಮತ್ತೊಂದೇ ಅರ್ಥ. ಈ ಲೇಖನದ ಉದ್ದಕ್ಕೂ ಆ ಒಂದು ಪ್ರಶ್ನೆಯನ್ನು ಹಿಡಿದುಕೊಂಡರೆ ಉಳಿದುದೆಲ್ಲ ತಾನಾಗಿ ಬಿಡಿಸಿಕೊಳ್ಳುತ್ತದೆ.

ಸಹಜವಾದ ಏರುಪೇರು

ಕೆಳಗಿರುವುದು ಭಾರವಾಗಿರಬೇಕು, ಅದಕ್ಕೇ ಇಳಿದಿದೆ ಎಂದು ಯಾರಿಗಾದರೂ ಅನ್ನಿಸುತ್ತದೆ. ಪ್ರಾಚೀನ ಗ್ರೀಕ್ ಶಿಲ್ಪಿಗಳಿಗೂ ಹಾಗೆಯೇ ಅನ್ನಿಸಿದಂತಿದೆ. ಕ್ರಿಸ್ ಮೆಕ್‌ಮ್ಯಾನಸ್ ಎಂಬ ಬ್ರಿಟಿಷ್ ಸಂಶೋಧಕರು ಇಟಲಿಯ ವಸ್ತುಸಂಗ್ರಹಾಲಯಗಳಲ್ಲಿರುವ 107 ಶಿಲ್ಪಗಳನ್ನು ಗಮನಿಸಿ 1976ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಒಂದು ಪುಟ್ಟ ಟಿಪ್ಪಣಿ ಬರೆದರು. ಬಲ ವೃಷಣ ಮೇಲಿರುತ್ತದೆ ಎಂಬುದನ್ನು ಶಿಲ್ಪಿಗಳು ಸರಿಯಾಗಿಯೇ ಕಂಡಿದ್ದರು, ಆದರೆ ಕೆಳಗಿರುವ ಎಡ ವೃಷಣವನ್ನು ದೊಡ್ಡದಾಗಿ ಕೆತ್ತಿದ್ದರು. ಜೀವಂತ ಮನುಷ್ಯರಲ್ಲಿ ಸಾಮಾನ್ಯವಾಗಿ ಬಲಗಡೆಯದೇ ಕೊಂಚ ದೊಡ್ಡದು, ಕೊಂಚ ಭಾರ, ಆದರೂ ಮೇಲಿರುವುದು ಅದೇ. ಆದ್ದರಿಂದ ಭಾರವು ಈ ವ್ಯತ್ಯಾಸದ ಕಾರಣವಾಗಲಾರದು.

ವೃಷಣವು ಒಂದು ಹಗ್ಗದಂಥ ಕಟ್ಟಿನಿಂದ ತೂಗುತ್ತದೆ. ಅಪಧಮನಿ, ಅಭಿಧಮನಿಗಳ ಜಾಲ, ನರಗಳು, ವೀರ್ಯನಾಳ ಇವೆಲ್ಲವೂ ಒಟ್ಟಿಗೆ ಸುತ್ತಿಕೊಂಡು ಆದ ಈ ಕಟ್ಟನ್ನು ವೃಷಣರಜ್ಜು ಎನ್ನುತ್ತಾರೆ. ಎಡಬದಿಯ ರಜ್ಜು ಸಾಮಾನ್ಯವಾಗಿ ಹೆಚ್ಚು ಉದ್ದವಿರುತ್ತದೆ. ರಕ್ತ ವಾಪಸಾಗುವ ದಾರಿಯೂ ಎರಡು ಬದಿಗಳಲ್ಲಿ ಒಂದೇ ಅಲ್ಲ. ಬಲ ವೃಷಣದ ಅಭಿಧಮನಿ ಓರೆಯಾಗಿ ಹೋಗಿ ನೇರವಾಗಿ ದೇಹದ ಮಹಾ ಅಭಿಧಮನಿಯನ್ನು ಸೇರುತ್ತದೆ. ಎಡಗಡೆಯದು ಇನ್ನಷ್ಟು ಮೇಲಕ್ಕೆ ಸಾಗಿ, ಎಡ ಮೂತ್ರಪಿಂಡದ ಅಭಿಧಮನಿಯನ್ನು ಹೆಚ್ಚುಕಡಿಮೆ ಲಂಬಕೋನದಲ್ಲಿ ಸಂಧಿಸುತ್ತದೆ. ದೊಡ್ಡ ಕಾಲುವೆಗೆ ಓರೆಯಾಗಿ ಬಂದು ಸೇರುವ ತೋಡಿನಲ್ಲಿ ನೀರು ಸರಾಗವಾಗಿ ಹೋಗುವುದನ್ನೂ ಅಡ್ಡವಾಗಿ ಬಂದು ಸೇರುವ ತೋಡಿನಲ್ಲಿ ನೀರು ಹಿಂದಕ್ಕೆ ಒತ್ತುವುದನ್ನೂ ಗದ್ದೆಯ ಕೆಲಸ ಮಾಡಿದವರು ಬಲ್ಲರು. ಈ ಎಡಬದಿಯ ಲಂಬಕೋನವನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು, ಏಕೆಂದರೆ ಮುಂದೆ ಬರುವ ವೇರಿಕೋಸೀಲ್ ಎಂಬ ತೊಂದರೆಗೆ ಇದೇ ಬೇರು.

ಇದಲ್ಲದೆ ವೃಷಣಗಳು ಒಂದೇ ಮಟ್ಟದಲ್ಲಿ ನಿಲ್ಲುವಂಥವೂ ಅಲ್ಲ. ವೀರ್ಯಾಣುಗಳ ಉತ್ಪತ್ತಿಗೆ ದೇಹದ ಒಳ ತಾಪಕ್ಕಿಂತ 2ರಿಂದ 4 ಡಿಗ್ರಿ ಸೆಲ್ಸಿಯಸ್ ಕಡಿಮೆ ತಾಪ ಬೇಕು. ಅದಕ್ಕಾಗಿ ರಜ್ಜುವಿನ ಸುತ್ತ ಕ್ರಿಮಾಸ್ಟರ್ ಎಂಬ ಸ್ನಾಯುವೂ ವೃಷಣಗಳಿರುವ ಚೀಲದ ಚರ್ಮದಡಿಯಲ್ಲಿ ಡಾರ್ಟೋಸ್ ಎಂಬ ಸ್ನಾಯುಪದರವೂ ದಿನವಿಡೀ ದುಡಿಯುತ್ತವೆ. ಚಳಿಯಲ್ಲಿ, ಹೆದರಿಕೆಯಲ್ಲಿ ಇವು ಬಿಗಿದು ವೃಷಣಗಳನ್ನು ಮೇಲೆಳೆಯುತ್ತವೆ, ಬಿಸಿನೀರಿನ ಸ್ನಾನದಲ್ಲಿ ಸಡಿಲಿಸಿ ಕೆಳಗಿಳಿಸುತ್ತವೆ. ಎರಡು ಬದಿಗಳೂ ಒಂದೇ ಕ್ಷಣದಲ್ಲಿ ಒಂದೇ ಅಳತೆಯಲ್ಲಿ ಬಿಗಿಯಬೇಕೆಂಬ ನಿಯಮವಿಲ್ಲ. ಆದ್ದರಿಂದ ಬೆಳಿಗ್ಗೆ ಕಂಡ ಅಂತರ ಸಂಜೆಗೆ ಬೇರೆಯಾಗಿ ಕಂಡರೆ ಅದು ಆ ಸ್ನಾಯುಗಳು ತಮ್ಮ ಕೆಲಸ ಮಾಡುತ್ತಿರುವುದರ ಗುರುತು. ನೋವಿಲ್ಲದ, ಗಟ್ಟಿಯಿಲ್ಲದ, ಮುಂಚಿನಿಂದಲೂ ಇರುವ ಏರುಪೇರಿಗೆ ಚಿಕಿತ್ಸೆ ಬೇಡ.

ಹೊಟ್ಟೆಯಿಂದ ಚೀಲದವರೆಗಿನ ದಾರಿ

ರೋಗದಿಂದ ಉಂಟಾಗುವ ವ್ಯತ್ಯಾಸಗಳಲ್ಲಿ ಹಲವು ಭ್ರೂಣದಲ್ಲಿ ನಡೆಯುವ ಒಂದು ಪ್ರಯಾಣದಲ್ಲಿ ಬೇರುಬಿಟ್ಟಿವೆ. ವೃಷಣಗಳು ಹುಟ್ಟುವುದು ವೃಷಣಚೀಲದಲ್ಲಿ ಅಲ್ಲ. ಗರ್ಭದ ಏಳನೆಯ ವಾರದ ಹೊತ್ತಿಗೆ ಅವು ಹೊಟ್ಟೆಯ ಹಿಂಗೋಡೆಯಲ್ಲಿ, ಮೂತ್ರಪಿಂಡಗಳ ಬಳಿ ರೂಪುಗೊಳ್ಳುತ್ತವೆ. ಅಲ್ಲಿಂದ ಎರಡು ಹಂತಗಳಲ್ಲಿ ಕೆಳಗಿಳಿಯುತ್ತವೆ. ಮೊದಲ ಹಂತದಲ್ಲಿ, ಸರಿಸುಮಾರು 15ನೆಯ ವಾರದೊಳಗೆ, ತೊಡೆಸಂದಿನ ಒಳಬಾಗಿಲವರೆಗೆ ಬಂದು ಅಲ್ಲಿಯೇ ಕಾಯುತ್ತವೆ. ಎರಡನೆಯ ಹಂತ ನಡೆಯುವುದು 25ರಿಂದ 35ನೆಯ ವಾರದ ನಡುವೆ. ಆಗ ಟೆಸ್ಟೋಸ್ಟೆರಾನ್ ಹಾರ್ಮೋನಿನ ಪ್ರಭಾವದಲ್ಲಿ ಅವು ತೊಡೆಸಂದಿನ ಸುರಂಗದ ಮೂಲಕ ಹಾದು ಚೀಲವನ್ನು ಸೇರುತ್ತವೆ. ಈ ಇಳಿತಕ್ಕೆ ದಾರಿ ತೋರುವ ಒಂದು ನಾರಿನ ಪಟ್ಟಿಯಿದೆ. ಅದನ್ನು ಹದಿನೆಂಟನೆಯ ಶತಮಾನದಲ್ಲಿ ವಿವರಿಸಿದ ಶಸ್ತ್ರವೈದ್ಯ ಜಾನ್ ಹಂಟರ್ ಅದಕ್ಕೆ ಇಟ್ಟ ಹೆಸರು ಗುಬರ್ನಾಕ್ಯುಲಮ್. ಲ್ಯಾಟಿನ್ನಿನಲ್ಲಿ ಅದರ ಅರ್ಥ ಚುಕ್ಕಾಣಿ.

ವೃಷಣ ಇಳಿಯುವಾಗ ಹೊಟ್ಟೆಯ ಒಳಪದರವೂ ಒಂದು ಬೆರಳುಚೀಲದ ಹಾಗೆ ಅದರೊಂದಿಗೆ ಕೆಳಗೆ ಬರುತ್ತದೆ. ಕೆಲಸ ಮುಗಿದ ಮೇಲೆ ಈ ದಾರಿ ಮುಚ್ಚಿಹೋಗಬೇಕು. ಅದು ಮುಚ್ಚದೆ ಉಳಿದರೆ ಹೊಟ್ಟೆಯ ನೀರು ಕೆಳಗೆ ಜಿನುಗಿ ಹೈಡ್ರೋಸೀಲ್ ಆಗುತ್ತದೆ. ಬಾಯಿ ದೊಡ್ಡದಿದ್ದರೆ ಕರುಳೇ ಇಳಿದು ಹರ್ನಿಯಾ ಆಗುತ್ತದೆ. ವೃಷಣವೇ ಅರ್ಧ ದಾರಿಯಲ್ಲಿ ನಿಂತರೆ ಅದು ಇಳಿಯದ ವೃಷಣ. ಹೆಸರುಗಳು ಬೇರೆಯಾದರೂ ಮೂರೂ ಒಂದೇ ಪ್ರಯಾಣದ ಅಪೂರ್ಣ ಕೆಲಸಗಳು. ಒಂದೇ ಮಗುವಿನಲ್ಲಿ ಇವು ಜೊತೆಯಾಗಿ ಕಾಣುವುದು ಇದೇ ಕಾರಣಕ್ಕೆ.

ಇಳಿಯದ ವೃಷಣ

ಅವಧಿ ತುಂಬಿ ಹುಟ್ಟಿದ ಗಂಡುಮಕ್ಕಳಲ್ಲಿ ನೂರಕ್ಕೆ ಸುಮಾರು ಮೂವರಲ್ಲಿ ಒಂದಾದರೂ ವೃಷಣ ಚೀಲವನ್ನು ತಲುಪಿರುವುದಿಲ್ಲ. ಅವಧಿಗೆ ಮುಂಚೆ ಹುಟ್ಟಿದ ಮಕ್ಕಳಲ್ಲಿ ಈ ಪ್ರಮಾಣ ನೂರಕ್ಕೆ ಮೂವತ್ತರವರೆಗೂ ಹೋಗುತ್ತದೆ. ಇಳಿಯುವ ಕೊನೆಯ ಹಂತ ಗರ್ಭದ ಕಡೆಯ ಎರಡು ಮೂರು ತಿಂಗಳಲ್ಲಿ ನಡೆಯುತ್ತದೆ ಎಂಬುದನ್ನು ನೆನೆದರೆ ಇದರಲ್ಲಿ ಅಚ್ಚರಿಯಿಲ್ಲ. ಹುಟ್ಟಿದ ಮೊದಲ ಕೆಲವು ತಿಂಗಳಲ್ಲಿ ಬಹಳಷ್ಟು ಮಕ್ಕಳಲ್ಲಿ ಅದು ತಾನಾಗಿಯೇ ಇಳಿಯುತ್ತದೆ, ವರ್ಷ ತುಂಬುವ ಹೊತ್ತಿಗೆ ನೂರಕ್ಕೆ ಒಬ್ಬರಲ್ಲಿ ಮಾತ್ರ ಉಳಿಯುತ್ತದೆ. ಆರು ತಿಂಗಳು ದಾಟಿದ ಮೇಲೂ ಇಳಿಯದಿದ್ದರೆ ಇನ್ನು ತಾನಾಗಿ ಇಳಿಯುವ ಭರವಸೆ ತೀರ ಕಡಿಮೆ. ಇಲ್ಲಿ ನಮ್ಮ ಹಿರಿಯರ ಒಂದು ಮಾತನ್ನು ನಾನು ಗೌರವದಿಂದಲೇ ವಿರೋಧಿಸಬೇಕಾಗಿದೆ. 'ದೊಡ್ಡವನಾದ ಮೇಲೆ ತಾನೇ ಇಳಿಯುತ್ತೆ, ಈಗ್ಯಾಕೆ ಆಪರೇಷನ್' ಎನ್ನುವ ಆ ಸಮಾಧಾನದ ಮಾತು ಎಷ್ಟೋ ಮಕ್ಕಳ ಚಿಕಿತ್ಸೆಯ ಕಾಲವನ್ನು ನುಂಗಿಹಾಕಿದೆ.

ಇದನ್ನು ಮೊದಲು ಗುರುತಿಸಬಲ್ಲವರು ಮನೆಯಲ್ಲಿ ಮಗುವಿಗೆ ನೀರು ಹಾಕುವವರು. ಅಜ್ಜಿ ಬಚ್ಚಲುಮನೆಯಲ್ಲಿ ಮಣೆಯ ಮೇಲೆ ಕಾಲು ಚಾಚಿ ಕೂತು, ಎಣ್ಣೆ ಹಚ್ಚಿದ ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ಹದವಾದ ಬಿಸಿನೀರು ಹುಯ್ಯುವ ಆ ಹತ್ತು ನಿಮಿಷದಲ್ಲಿ ಮಗುವಿನ ಕ್ರಿಮಾಸ್ಟರ್ ಸ್ನಾಯು ಪೂರ್ತಿ ಸಡಿಲವಾಗಿರುತ್ತದೆ, ಆದ್ದರಿಂದ ನೋಡುವುದಕ್ಕೆ ಅದಕ್ಕಿಂತ ಒಳ್ಳೆಯ ಸಮಯವಿಲ್ಲ. ಆಗ ಚೀಲದ ಎರಡೂ ಬದಿ ತುಂಬಿಕೊಂಡಿದ್ದರೆ ಚಿಂತೆಯಿಲ್ಲ. ಒಂದು ಬದಿ ಸದಾ ಚಪ್ಪಟೆಯಾಗಿ, ಸುಕ್ಕುಗಳೂ ಕಡಿಮೆಯಾಗಿ, ಖಾಲಿ ಕಂಡರೆ ಮುಂದಿನ ಲಸಿಕೆಗೆ ಹೋದಾಗ ಅದನ್ನು ವೈದ್ಯರಿಗೆ ತೋರಿಸಬೇಕು.

ಆಸ್ಪತ್ರೆಯಲ್ಲಿ ನಡೆಯುವ ಪರೀಕ್ಷೆಯೂ ಇದೇ ತತ್ತ್ವದ ಮೇಲೆ ನಿಂತಿದೆ. ಅನುಭವಸ್ಥ ಮಕ್ಕಳ ಶಸ್ತ್ರವೈದ್ಯರು ಮೊದಲು ತಮ್ಮ ಕೈಗಳನ್ನು ಉಜ್ಜಿ ಬೆಚ್ಚಗೆ ಮಾಡಿಕೊಳ್ಳುತ್ತಾರೆ, ತಣ್ಣನೆಯ ಕೈ ತಾಗಿದೊಡನೆ ವೃಷಣ ಮೇಲಕ್ಕೆ ಓಡಿಬಿಡುತ್ತದೆ. ಸ್ವಲ್ಪ ದೊಡ್ಡ ಹುಡುಗನಾದರೆ ಅವನನ್ನು ಚಕ್ಕಳಮಕ್ಕಳ ಹಾಕಿ ಕೂರಿಸುತ್ತಾರೆ, ಆ ಭಂಗಿಯಲ್ಲಿ ಎಳೆಯುವ ಸ್ನಾಯು ಸೋಲುತ್ತದೆ. ಬಳಿಕ ಒಂದು ಕೈಯ ಬೆರಳುಗಳನ್ನು ಸೊಂಟದ ಮೂಳೆಯ ಬಳಿಯಿಂದ ತೊಡೆಸಂದಿನ ಗುಂಟ ಕೆಳಕ್ಕೆ ಮೆಲ್ಲನೆ ಜಾರಿಸುತ್ತ, ಸಿಕ್ಕ ವೃಷಣವನ್ನು ಇನ್ನೊಂದು ಕೈಯಿಂದ ಚೀಲದೊಳಕ್ಕೆ ತರುತ್ತಾರೆ. ತಂದು ಬಿಟ್ಟ ಮೇಲೆ ಅದು ಅಲ್ಲಿಯೇ ಕೆಲಹೊತ್ತು ನಿಂತರೆ ಅದು ಮೇಲೆ ಕೆಳಗೆ ಓಡಾಡುವ ವೃಷಣ, ಸ್ನಾಯು ಚುರುಕಾಗಿರುವುದಷ್ಟೇ ಕಾರಣ. ಅದಕ್ಕೆ ಶಸ್ತ್ರಚಿಕಿತ್ಸೆ ಬೇಡ. ಬಿಟ್ಟೊಡನೆ ರಬ್ಬರಿನಂತೆ ಚಿಮ್ಮಿ ಮೇಲೆ ಹೋದರೆ ಅದು ನಿಜಕ್ಕೂ ಇಳಿಯದ ವೃಷಣ. ಈ ಒಂದು ವ್ಯತ್ಯಾಸವನ್ನು ಸ್ಕ್ಯಾನಿಂಗ್ ಹೇಳಲಾರದು, ಕೈ ಹೇಳುತ್ತದೆ. ತಜ್ಞರ ಬಳಿ ಕಳಿಸುವ ಮುನ್ನ ಸ್ಕ್ಯಾನಿಂಗ್ ಮಾಡಿಸುವ ಅಗತ್ಯ ಸಾಮಾನ್ಯವಾಗಿ ಇಲ್ಲ ಎಂದು ಅಮೆರಿಕದ ಮೂತ್ರಾಂಗ ತಜ್ಞರ ಸಂಘದ 2014ರ ಮಾರ್ಗಸೂಚಿ ಹೇಳಿರುವುದು ಇದಕ್ಕೇ.

ಓಡಾಡುವ ವೃಷಣವೆಂದು ನಿರ್ಧಾರವಾದ ಮೇಲೂ ವರ್ಷಕ್ಕೊಮ್ಮೆ ತೋರಿಸುತ್ತಿರಬೇಕು. ಹುಡುಗ ಎತ್ತರ ಬೆಳೆಯುತ್ತಿದ್ದಂತೆ ರಜ್ಜು ಅದೇ ವೇಗದಲ್ಲಿ ಉದ್ದವಾಗದಿದ್ದರೆ, ಮೊದಲು ಚೀಲದಲ್ಲಿಯೇ ಇದ್ದ ವೃಷಣ ಐದರಿಂದ ಹತ್ತು ವರ್ಷದ ನಡುವೆ ಮತ್ತೆ ಮೇಲೇರಿ ಅಲ್ಲಿಯೇ ಉಳಿದುಬಿಡಬಹುದು. ಸೆರೆಬ್ರಲ್ ಪಾಲ್ಸಿ ಎಂಬ ಮೆದುಳಿನ ತೊಂದರೆ ಇರುವ ಮಕ್ಕಳಲ್ಲಿ ಸ್ನಾಯುಗಳ ಬಿಗಿತದಿಂದಾಗಿ ಹೀಗಾಗುವುದು ಹೆಚ್ಚು. 'ಹುಟ್ಟಿದಾಗ ಡಾಕ್ಟರು ನೋಡಿ ಸರಿಯಿದೆ ಎಂದಿದ್ದರಲ್ಲ' ಎಂದು ಹೇಳುವ ತಂದೆತಾಯಿಯ ಮಾತೂ ನಿಜ, ಈಗ ಮೇಲಿದೆ ಎನ್ನುವ ವೈದ್ಯರ ಮಾತೂ ನಿಜ.

ಇಳಿಯದ ವೃಷಣವನ್ನು ಕೆಳಗೆ ತಂದು ಹೊಲಿದು ನಿಲ್ಲಿಸುವ ಶಸ್ತ್ರಚಿಕಿತ್ಸೆಯನ್ನು ಮಗುವಿಗೆ 6ರಿಂದ 18 ತಿಂಗಳಾಗಿರುವಾಗ ಮಾಡುವುದು ಉತ್ತಮವೆಂದು ಈಗ ಒಪ್ಪಲಾಗಿದೆ. ಇಷ್ಟು ಎಳೆಯ ವಯಸ್ಸಿನಲ್ಲಿ ಏಕೆ ಎಂಬ ಪ್ರಶ್ನೆ ಸಹಜವಾದುದೇ. ಮುಂದೆ ವೀರ್ಯಾಣುಗಳನ್ನು ಹುಟ್ಟಿಸಬೇಕಾದ ಮೂಲಕೋಶಗಳು ಪಕ್ವವಾಗುವ ಒಂದು ಮುಖ್ಯ ಹಂತ ನಡೆಯುವುದು ಬದುಕಿನ ಮೊದಲ ವರ್ಷದಲ್ಲಿಯೇ, ದೇಹದೊಳಗಿನ ಶಾಖದಲ್ಲಿ ಆ ಕೋಶಗಳು ಕ್ಷೀಣಿಸುತ್ತವೆ. ಒಂದೇ ಬದಿಯ ತೊಂದರೆಯಿದ್ದವರಲ್ಲಿ ಬಹುಪಾಲು ಜನ ಮುಂದೆ ತಂದೆಯಾಗುತ್ತಾರೆ. ಎರಡೂ ಬದಿ ಇದ್ದವರಲ್ಲಿ ಆ ಸಾಧ್ಯತೆ ಗಣನೀಯವಾಗಿ ತಗ್ಗುತ್ತದೆ. ಇನ್ನೊಂದು ಕಾರಣ ಕ್ಯಾನ್ಸರ್. ಸ್ವೀಡನ್‌ನಲ್ಲಿ ಈ ಶಸ್ತ್ರಚಿಕಿತ್ಸೆಗೆ ಒಳಗಾದ ಸುಮಾರು 17 ಸಾವಿರ ಗಂಡಸರ ದಾಖಲೆಗಳನ್ನು ಆಧರಿಸಿ 2007ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, 13 ವರ್ಷಕ್ಕೆ ಮುಂಚೆ ಶಸ್ತ್ರಚಿಕಿತ್ಸೆಯಾದವರಲ್ಲಿ ವೃಷಣದ ಕ್ಯಾನ್ಸರಿನ ಅಪಾಯ ಸಾಮಾನ್ಯರಿಗಿಂತ ಸುಮಾರು ಎರಡು ಪಟ್ಟು ಇದ್ದರೆ, ಆ ವಯಸ್ಸಿನ ನಂತರ ಆದವರಲ್ಲಿ ಐದು ಪಟ್ಟಿಗೂ ಹೆಚ್ಚಿತ್ತು. ಕೆಳಗೆ ತಂದ ವೃಷಣವನ್ನು ಮುಂದೆ ಕೈಯಿಂದ ಪರೀಕ್ಷಿಸಿಕೊಳ್ಳಬಹುದು ಎಂಬ ಅನುಕೂಲವೂ ಸಣ್ಣದಲ್ಲ. ಹೊಟ್ಟೆಯೊಳಗೆ ಉಳಿದ ವೃಷಣದಲ್ಲಿ ಗಂಟು ಬೆಳೆದರೆ ಅದು ಬಹಳ ದೊಡ್ಡದಾಗುವವರೆಗೆ ಯಾರಿಗೂ ತಿಳಿಯುವುದಿಲ್ಲ.

ಹುಟ್ಟಿದ ಕೂಸಿನಲ್ಲಿ ಎರಡೂ ಬದಿಯ ವೃಷಣಗಳು ಕೈಗೆ ಸಿಗದಿದ್ದರೆ ಮಾತ್ರ ತಿಂಗಳುಗಟ್ಟಲೆ ಕಾಯುವ ಪ್ರಶ್ನೆಯೇ ಇಲ್ಲ. ಹೊರಗೆ ಗಂಡಿನಂತೆ ಕಾಣುವ ಮಗು ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯ ಜನ್ಮಜಾತ ದೋಷವಿರುವ ಹೆಣ್ಣುಮಗುವಾಗಿರಲೂಬಹುದು, ಅಂಥ ಕೆಲವು ಶಿಶುಗಳಲ್ಲಿ ಮೊದಲ ಕೆಲವು ವಾರಗಳಲ್ಲಿಯೇ ದೇಹದ ಉಪ್ಪಿನಂಶ ಕುಸಿದು ಜೀವಕ್ಕೆ ಅಪಾಯವಾಗುತ್ತದೆ. ಆದ್ದರಿಂದ ಆಸ್ಪತ್ರೆಯಿಂದ ಮನೆಗೆ ಹೋಗುವ ಮುಂಚೆಯೇ ರಕ್ತ ಮತ್ತು ವರ್ಣತಂತುಗಳ ಪರೀಕ್ಷೆ ಆಗಬೇಕು.

ಮೆಲ್ಲಮೆಲ್ಲನೆ ಬರುವ ವ್ಯತ್ಯಾಸಗಳು

ಮೊದಲು ಹೇಳಿದ ಆ ಲಂಬಕೋನಕ್ಕೆ ಈಗ ಮರಳಬಹುದು. ಎಡ ವೃಷಣದ ಉದ್ದನೆಯ ಅಭಿಧಮನಿಯಲ್ಲಿ ರಕ್ತ ಗುರುತ್ವಾಕರ್ಷಣೆಗೆ ಎದುರಾಗಿ ಮೇಲೇರಬೇಕು. ಅದು ಹಿಂದಕ್ಕೆ ಹರಿಯದಂತೆ ತಡೆಯುವ ಕವಾಟಗಳು ಸೋತರೆ ರಕ್ತ ಕೆಳಗೆ ನಿಂತು, ರಜ್ಜುವಿನ ಸುತ್ತಲಿನ ಸಣ್ಣ ಅಭಿಧಮನಿಗಳು ಉಬ್ಬುತ್ತವೆ. ಇದೇ ವೇರಿಕೋಸೀಲ್. ಬಹಳ ಹೊತ್ತು ನಿಂತು ಕೆಲಸ ಮಾಡುವವರ ಮೀನಖಂಡದಲ್ಲಿ ನರ ಉಬ್ಬುವುದನ್ನು ನೋಡಿದ್ದೇವಲ್ಲ, ಹೆಚ್ಚುಕಡಿಮೆ ಅದೇ ಬಗೆಯ ತೊಂದರೆ. ಗಂಡಸರಲ್ಲಿ ನೂರಕ್ಕೆ ಸುಮಾರು ಹದಿನೈದು ಮಂದಿಗೆ ಇದಿರುತ್ತದೆ, ಅದರಲ್ಲಿ ತೀರ ಹೆಚ್ಚಿನ ಪಾಲು ಎಡಬದಿಯಲ್ಲಿ. ಹದಿಹರೆಯದಲ್ಲಿ ಶುರುವಾಗಿ, ಎಡಬದಿ ಹಿಂದಿಗಿಂತ ಹೆಚ್ಚು ಇಳಿದಂತೆ, ಸಂಜೆ ಹೊತ್ತಿಗೆ ಭಾರವೆನ್ನಿಸಿದಂತೆ, ಮುಟ್ಟಿದರೆ ಎರೆಹುಳುಗಳ ಚೀಲವನ್ನು ಮುಟ್ಟಿದಂತೆ ಅನುಭವವಾಗುತ್ತದೆ. ಮಲಗಿದರೆ ರಕ್ತ ಹಿಂದಿರುಗಿ ಅದು ಕರಗಿದಂತಾಗುತ್ತದೆ.

ವೇರಿಕೋಸೀಲ್ ಇದ್ದ ಎಲ್ಲರಿಗೂ ಶಸ್ತ್ರಚಿಕಿತ್ಸೆ ಬೇಕಿಲ್ಲ. ತಡೆಯಲಾಗದ ನೋವಿದ್ದರೆ, ಮಕ್ಕಳಾಗದೆ ವೀರ್ಯಪರೀಕ್ಷೆಯಲ್ಲಿ ದೋಷ ಕಂಡಿದ್ದರೆ, ಅಥವಾ ಬೆಳೆಯುವ ಹುಡುಗನಲ್ಲಿ ಆ ಬದಿಯ ವೃಷಣ ಇನ್ನೊಂದಕ್ಕಿಂತ ಎದ್ದುಕಾಣುವಷ್ಟು ಚಿಕ್ಕದಾಗಿ ಉಳಿಯುತ್ತಿದ್ದರೆ ಮಾತ್ರ ಅದನ್ನು ಪರಿಗಣಿಸುತ್ತಾರೆ. ಶಸ್ತ್ರಚಿಕಿತ್ಸೆಯ ಫಲವನ್ನು ಮರುವಾರವೇ ಕಾಣಲು ಹೊರಡಬಾರದು, ಒಂದು ವೀರ್ಯಾಣು ತಯಾರಾಗಲು ಎರಡು ತಿಂಗಳಿಗೂ ಹೆಚ್ಚು ಕಾಲ ಬೇಕಾಗುವುದರಿಂದ ಮರುಪರೀಕ್ಷೆಯನ್ನು ಸುಮಾರು ಮೂರು ತಿಂಗಳ ನಂತರ ಮಾಡುತ್ತಾರೆ. ಬಲಬದಿಯಲ್ಲಿ ಮಾತ್ರ ಕಂಡ, ಅಥವಾ ವಯಸ್ಕರಲ್ಲಿ ದಿಢೀರನೆ ಮೂಡಿದ, ಮಲಗಿದರೂ ಇಳಿಯದ ವೇರಿಕೋಸೀಲನ್ನು ಹಗುರವಾಗಿ ನೋಡಬಾರದು. ಹೊಟ್ಟೆಯೊಳಗೆ, ಉದಾಹರಣೆಗೆ ಮೂತ್ರಪಿಂಡದಲ್ಲಿ, ಬೆಳೆದ ಗಡ್ಡೆಯೊಂದು ರಕ್ತದ ದಾರಿಯನ್ನು ಒತ್ತಿರಬಹುದು. ಅಂಥವರಿಗೆ ಹೊಟ್ಟೆಯ ಸ್ಕ್ಯಾನಿಂಗ್ ಆಗಲೇಬೇಕು.

ವೃಷಣದ ಸುತ್ತಲಿನ ಪದರದಲ್ಲಿ ನೀರು ತುಂಬುವುದು ಹೈಡ್ರೋಸೀಲ್. ಹಳೆಯ ತಲೆಮಾರಿನವರು ಇದನ್ನೂ ಹರ್ನಿಯಾವನ್ನೂ ಒಟ್ಟಾಗಿ ಅಂಡವಾಯು ಎಂದು ಕರೆದುಬಿಡುತ್ತಿದ್ದರು, ಆದರೆ ಎರಡೂ ಬೇರೆ. ಕತ್ತಲೆ ಕೋಣೆಯಲ್ಲಿ ಚೀಲದ ಹಿಂದೆ ಟಾರ್ಚ್ ಹಿಡಿದರೆ ಹೈಡ್ರೋಸೀಲ್ ಕಾಗದದ ಆಕಾಶಬುಟ್ಟಿಯ ಹಾಗೆ ಕೆಂಪಗೆ ಬೆಳಗುತ್ತದೆ. ಎಳೆಯ ಮಕ್ಕಳಲ್ಲಿ ಇದು ಮುಚ್ಚದ ದಾರಿಯಿಂದ ಬಂದದ್ದಾದ್ದರಿಂದ ಬಹುತೇಕ ಒಂದೆರಡು ವರ್ಷದೊಳಗೆ ತಾನಾಗಿ ಮಾಯವಾಗುತ್ತದೆ.

ದೊಡ್ಡವರ ಹೈಡ್ರೋಸೀಲಿಗೆ ಕರ್ನಾಟಕದಲ್ಲಿ ಒಂದು ವಿಶೇಷ ಕಾರಣವೂ ಇದೆ, ಆನೆಕಾಲು ರೋಗ. ಕಲಬುರಗಿ, ಬೀದರ್, ಯಾದಗಿರಿ, ರಾಯಚೂರು ಕಡೆಯಲ್ಲೂ ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡದ ಕರಾವಳಿಯಲ್ಲೂ ಈ ರೋಗ ದೀರ್ಘಕಾಲದಿಂದ ನೆಲೆಯೂರಿದೆ. ಕೊಳಚೆ ನೀರಿನಲ್ಲಿ ಬೆಳೆಯುವ ಕ್ಯೂಲೆಕ್ಸ್ ಸೊಳ್ಳೆ ಹರಡುವ ಫೈಲೇರಿಯಾ ಹುಳುಗಳು ಗಂಡಸರಲ್ಲಿ ವೃಷಣಚೀಲದ ದುಗ್ಧನಾಳಗಳನ್ನು ಆರಿಸಿಕೊಂಡು ವರ್ಷಗಟ್ಟಲೆ ಬದುಕುತ್ತವೆ. ಅಲ್ಟ್ರಾಸೌಂಡ್ ಪರದೆಯ ಮೇಲೆ ಈ ಹುಳುಗಳು ಬಿಡುವಿಲ್ಲದೆ ತಿರುಚುತ್ತಿರುವುದನ್ನು ಕಣ್ಣಾರೆ ಕಾಣಬಹುದು, ವೈದ್ಯರು ಅದನ್ನು ಫೈಲೇರಿಯಾ ನೃತ್ಯ ಎಂದೇ ಕರೆಯುತ್ತಾರೆ. ಕಾಲು ಊದಿದವರು ಕಣ್ಣಿಗೆ ಬೀಳುತ್ತಾರೆ, ಪಂಚೆಯ ಮರೆಯಲ್ಲಿ ಹೈಡ್ರೋಸೀಲನ್ನು ಹೊತ್ತು ಹೊಲಕ್ಕೆ ಹೋಗುವವರು ಬೀಳುವುದಿಲ್ಲ. ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಬಂದು ಸಾಮೂಹಿಕ ಔಷಧ ಕೊಡುವಾಗ ಆ ಮಾತ್ರೆಯನ್ನು ಅವರೆದುರೇ ನುಂಗಬೇಕೆಂದು ಒತ್ತಾಯಿಸುವುದು ಈ ಸರಪಳಿಯನ್ನು ಕಡಿಯುವುದಕ್ಕಾಗಿ. ಈಗಾಗಲೇ ತುಂಬಿದ ನೀರನ್ನು ಸೂಜಿಯಿಂದ ತೆಗೆಸಿದರೆ ಅದು ಮತ್ತೆ ತುಂಬುತ್ತದೆ, ಸೋಂಕಿನ ಭಯವೂ ಇದೆ. ಸರಿಯಾದ ಪರಿಹಾರ ಒಂದು ಸರಳ ಶಸ್ತ್ರಚಿಕಿತ್ಸೆ.

ಹರ್ನಿಯಾದಲ್ಲಿ ಉಬ್ಬು ತೊಡೆಸಂದಿನಿಂದಲೇ ಶುರುವಾಗುತ್ತದೆ, ಕೆಮ್ಮಿದರೆ ದೊಡ್ಡದಾಗುತ್ತದೆ, ಮಲಗಿದರೆ ಒಳಗೆ ಹೋಗುತ್ತದೆ. ಒಳಗೆ ಹೋಗದೆ ಗಟ್ಟಿಯಾಗಿ ನೋವು, ವಾಂತಿ ಶುರುವಾದರೆ ಕರುಳು ಸಿಕ್ಕಿಕೊಂಡಿದೆ ಎಂದೇ ತಿಳಿದು ಆ ಗಳಿಗೆಯಲ್ಲೇ ಆಸ್ಪತ್ರೆಗೆ ಹೊರಡಬೇಕು.

ಒಂದು ಬದಿ ಕುಗ್ಗಿ ಹೋಗುವುದರಿಂದಲೂ ಏರುಪೇರು ಬರುತ್ತದೆ. ಹದಿಹರೆಯ ದಾಟಿದ ಗಂಡಸರಿಗೆ ಮಂಗನಬಾವು ಬಂದರೆ, ಕೆನ್ನೆ ಊದಿದ ಕೆಲವು ದಿನಗಳಲ್ಲಿ ಅವರಲ್ಲಿ ನಾಲ್ಕೈದು ಮಂದಿಗೆ ಒಬ್ಬರಂತೆ ವೃಷಣವೂ ಊದಿಕೊಳ್ಳುತ್ತದೆ, ಊತ ಇಳಿದ ಬಳಿಕ ಕೆಲವರಲ್ಲಿ ಅದು ಮೊದಲಿಗಿಂತ ಚಿಕ್ಕದಾಗಿ ಉಳಿಯುತ್ತದೆ. ಸರ್ಕಾರದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿ 2017ರಿಂದ ಹಂತಹಂತವಾಗಿ ಸೇರಿಸಿದ್ದು ದಡಾರ ಮತ್ತು ರುಬೆಲ್ಲಾ ಲಸಿಕೆ, ಮಂಗನಬಾವಿನದಲ್ಲ. ಮೂರಕ್ಕೂ ಸೇರಿದ ಎಂಎಂಆರ್ ಲಸಿಕೆಯ ಬಗ್ಗೆ ಮಕ್ಕಳ ವೈದ್ಯರನ್ನು ಕೇಳುವುದು ಒಳ್ಳೆಯದು.

ಇನ್ನು ಕ್ಯಾನ್ಸರ್. ಭಾರತದಲ್ಲಿ ಇದು ವಿರಳ, ವರ್ಷಕ್ಕೆ ಲಕ್ಷ ಗಂಡಸರಲ್ಲಿ ಒಬ್ಬರಿಗಿಂತಲೂ ಕಡಿಮೆ. ಆದರೆ ಬರುವುದು ಬಹುತೇಕ 15ರಿಂದ 40ರ ಹರೆಯದಲ್ಲಿ, ನೋವಿಲ್ಲದ ಗಟ್ಟಿಯಾದ ಗಂಟಾಗಿ, ಆ ಬದಿ ಭಾರವಾಗಿ ಇಳಿದಂತೆ. ನೋವಿಲ್ಲದಿರುವುದೇ ಇಲ್ಲಿನ ಮೋಸ. 1970ರ ದಶಕದಲ್ಲಿ ಸಿಸ್‌ಪ್ಲಾಟಿನ್ ಎಂಬ ಔಷಧ ಬಂದ ಮೇಲೆ ಇದು ಗುಣವಾಗಬಲ್ಲ ಕ್ಯಾನ್ಸರ್‌ಗಳಲ್ಲಿ ಮುಂಚೂಣಿಯದಾಗಿದೆ, ಬೇಗ ಪತ್ತೆಯಾದರೆ ನೂರಕ್ಕೆ ತೊಂಬತ್ತೈದಕ್ಕೂ ಹೆಚ್ಚು ಜನ ಗುಣಹೊಂದುತ್ತಾರೆ. ಇಂಥ ಗಂಟಿಗೆ ಚೀಲದ ಮೂಲಕ ಸೂಜಿ ಚುಚ್ಚಿ ಪರೀಕ್ಷೆ ಮಾಡುವಂತಿಲ್ಲ, ಹಾಗೆ ಮಾಡಿದರೆ ಕೋಶಗಳು ಬೇರೆ ದಾರಿಯಲ್ಲಿ ಹರಡಬಹುದು. ಅಲ್ಟ್ರಾಸೌಂಡ್, ರಕ್ತಪರೀಕ್ಷೆ, ಆಮೇಲೆ ತೊಡೆಸಂದಿನ ಮೂಲಕವೇ ಶಸ್ತ್ರಚಿಕಿತ್ಸೆ, ಇದು ಸರಿಯಾದ ಕ್ರಮ. ತಿಂಗಳಿಗೊಮ್ಮೆ ಬಿಸಿನೀರಿನ ಸ್ನಾನದ ಬಳಿಕ ಎರಡೂ ಬದಿಯನ್ನು ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಮೆಲ್ಲನೆ ಹೊರಳಿಸಿ ನೋಡಿಕೊಳ್ಳುವ ಅಭ್ಯಾಸವಿದ್ದವನಿಗೆ ತನ್ನ ದೇಹದ ಸಹಜ ಸ್ಥಿತಿ ಗೊತ್ತಿರುತ್ತದೆ, ಬದಲಾದರೆ ತಕ್ಷಣ ತಿಳಿಯುತ್ತದೆ. ಹಿಂಬದಿಯಲ್ಲಿ ಮೆತ್ತಗೆ ಸುರುಳಿಯಂತೆ ಕೈಗೆ ತಾಗುವುದು ವೀರ್ಯಾಣುಗಳು ಶೇಖರವಾಗುವ ಎಪಿಡಿಡೈಮಿಸ್ ಎಂಬ ನಾಳ, ಅದನ್ನು ಗಂಟೆಂದು ತಿಳಿದು ಹೆದರಬೇಕಿಲ್ಲ.

ಗಂಟೆಗಳ ಲೆಕ್ಕ

ಸಿಕ್ಕಿಕೊಂಡ ಹರ್ನಿಯಾವನ್ನು ಬಿಟ್ಟರೆ ಉಳಿದವುಗಳಲ್ಲಿ ದಿನ, ವಾರ, ತಿಂಗಳು ಎಂದು ಲೆಕ್ಕ ಹಾಕಬಹುದು. ವೃಷಣ ತಿರುಚಿಕೊಂಡಾಗ ಗಂಟೆಗಳ ಲೆಕ್ಕ.

ಸಾಮಾನ್ಯವಾಗಿ ವೃಷಣವು ಹಿಂಬದಿಯಲ್ಲಿ ಚೀಲದ ಗೋಡೆಗೆ ಅಂಟಿಕೊಂಡಿರುತ್ತದೆ. ಕೆಲವರಲ್ಲಿ ಹುಟ್ಟಿನಿಂದಲೇ ಈ ಅಂಟು ಇರುವುದಿಲ್ಲ, ದೇವಸ್ಥಾನದ ಗಂಟೆಯೊಳಗಿನ ನಾಲಗೆಯಂತೆ ಅದು ಸಡಿಲವಾಗಿ ತೂಗಾಡುತ್ತಿರುತ್ತದೆ. ಒಂದು ದಿನ ಯಾವುದೋ ಕ್ಷಣದಲ್ಲಿ, ಹಲವು ಸಲ ನಿದ್ದೆಯಲ್ಲಿಯೇ, ಅದು ತನ್ನ ರಜ್ಜುವಿನ ಮೇಲೆ ತಾನೇ ಸುತ್ತು ಹಾಕುತ್ತದೆ. ಹಿಂಡಿದ ಬಟ್ಟೆಯಂತೆ ತಿರುಚಿದ ರಜ್ಜು ಗಿಡ್ಡವಾಗಿ ವೃಷಣವನ್ನು ಮೇಲೆಳೆಯುತ್ತದೆ, ರಕ್ತಸಂಚಾರ ನಿಲ್ಲುತ್ತದೆ. ನಿನ್ನೆಯವರೆಗೆ ಕೆಳಗಿದ್ದದ್ದು ಇಂದು ಮೇಲಿದೆ, ಅಡ್ಡಡ್ಡಲಾಗಿ ಮಲಗಿದೆ, ಮುಟ್ಟಲಾಗದಷ್ಟು ನೋವಿದೆ ಎಂದರೆ ಬೇರೆ ಕಾರಣ ಹುಡುಕುತ್ತ ಕೂರಬಾರದು. 25 ವರ್ಷದೊಳಗಿನ ಗಂಡಸರಲ್ಲಿ ವರ್ಷಕ್ಕೆ ಸುಮಾರು ನಾಲ್ಕು ಸಾವಿರಕ್ಕೆ ಒಬ್ಬರಿಗೆ ಹೀಗಾಗುತ್ತದೆ. ಅದರಲ್ಲೂ 12ರಿಂದ 18ರ ಹುಡುಗರಲ್ಲಿ ಹೆಚ್ಚು.

ಹೊಟ್ಟೆನೋವು ಎಂದು ಹೇಳುವ ಆ ಹುಡುಗ ಸುಳ್ಳು ಹೇಳುತ್ತಿಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು. ವೃಷಣ ಹುಟ್ಟಿದ್ದು ಮೂತ್ರಪಿಂಡದ ಬಳಿ, ಇಳಿಯುವಾಗ ತನ್ನ ರಕ್ತನಾಳವನ್ನೂ ನರಗಳನ್ನೂ ಅಲ್ಲಿಂದಲೇ ಎಳೆದು ತಂದಿದೆ. ಆದ್ದರಿಂದ ಅದರ ನೋವು ಕೆಳಹೊಟ್ಟೆಯಲ್ಲಿಯೂ ಕಾಣಿಸುತ್ತದೆ, ವಾಂತಿಯೂ ಆಗುತ್ತದೆ. ಕೆಲವರಿಗೆ ಮೊದಮೊದಲು ಹೊಟ್ಟೆಯಲ್ಲಿ ಮಾತ್ರ ನೋವು ಕಾಣುತ್ತದೆ. ತಾಯಿ ಓಮದ ನೀರು ಕೊಡುತ್ತಾಳೆ, ಬೆಳಿಗ್ಗೆ ನೋಡೋಣ ಎಂದು ತಂದೆ ಹೇಳುತ್ತಾನೆ, ಹುಡುಗ ನಾಚಿಕೆಯಿಂದ ಉಳಿದ ಮಾತನ್ನು ನುಂಗುತ್ತಾನೆ. ಹದಿಹರೆಯದ ಹುಡುಗನಿಗೆ ದಿಢೀರನೆ ಕೆಳಹೊಟ್ಟೆ ನೋವು ಬಂದರೆ 'ಕೆಳಗೇನಾದರೂ ನೋವಿದೆಯೇನಪ್ಪಾ?' ಎಂದು ಮನೆಯವರು ಕೇಳಬೇಕು, ವೈದ್ಯರು ಚಡ್ಡಿ ಬಿಚ್ಚಿಸಿ ನೋಡಬೇಕು. ಈ ಎರಡರಲ್ಲಿ ಯಾವುದೊಂದು ತಪ್ಪಿದರೂ ಒಂದು ಅಂಗ ಹೋಗಬಹುದು.

ಏಕೆಂದರೆ ಸಮಯ ಬಹಳ ಕಡಿಮೆ. ನೋವು ಶುರುವಾದ ಆರು ಗಂಟೆಯೊಳಗೆ ಬಿಡಿಸಿದರೆ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಸಲ ವೃಷಣ ಉಳಿಯುತ್ತದೆ. ಹನ್ನೆರಡು ಗಂಟೆಯಾದರೆ ಅರ್ಧದಷ್ಟು ಸಲ. ಇಪ್ಪತ್ತನಾಲ್ಕು ಗಂಟೆ ದಾಟಿದರೆ ಉಳಿಯುವುದು ಅಪರೂಪ. ಹಳ್ಳಿಯಿಂದ ತಾಲ್ಲೂಕಿಗೆ, ಅಲ್ಲಿಂದ ಜಿಲ್ಲಾ ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಈ ಆರು ಗಂಟೆ ಎಷ್ಟು ಬೇಗ ಕರಗುತ್ತದೆಂಬುದನ್ನು ಯಾರೂ ವಿವರಿಸಬೇಕಿಲ್ಲ. 108ಕ್ಕೆ ಕರೆ ಮಾಡುವಾಗಲೇ, ತುರ್ತು ಚಿಕಿತ್ಸಾ ವಿಭಾಗದ ಬಾಗಿಲಲ್ಲಿಯೇ 'ಬೀಜಕ್ಕೆ ದಿಢೀರನೆ ನೋವು ಬಂದಿದೆ, ಇಂಥ ಗಂಟೆಗೆ ಶುರುವಾಯಿತು' ಎಂದು ನೇರವಾಗಿ ಹೇಳಿದರೆ ಸರದಿಯಲ್ಲಿ ಕಾಯಿಸುವುದಿಲ್ಲ. ಶಸ್ತ್ರಚಿಕಿತ್ಸೆ ಬೇಕಾಗಬಹುದಾದ್ದರಿಂದ ದಾರಿಯಲ್ಲಿ ಹುಡುಗನಿಗೆ ತಿನ್ನಲು ಕುಡಿಯಲು ಏನನ್ನೂ ಕೊಡಬಾರದು.

ವೈದ್ಯರು ಒಳತೊಡೆಯ ಚರ್ಮವನ್ನು ಮೆಲ್ಲನೆ ಗೀರಿ ನೋಡುತ್ತಾರೆ. ಸಹಜವಾಗಿದ್ದರೆ ಆ ಬದಿಯ ವೃಷಣ ಥಟ್ಟನೆ ಮೇಲೆ ಸರಿಯಬೇಕು. ತಿರುಚಿಕೊಂಡಿದ್ದರೆ ಬಹುತೇಕ ಅಲುಗಾಡುವುದಿಲ್ಲ. ಸೋಂಕಿನಿಂದ ಬರುವ ನೋವು ಸಾಮಾನ್ಯವಾಗಿ ಒಂದೆರಡು ದಿನಗಳಲ್ಲಿ ಏರುತ್ತ ಬರುತ್ತದೆ, ಜ್ವರ, ಉರಿಮೂತ್ರ ಜೊತೆಗಿರಬಹುದು, ಗೀರಿದಾಗ ವೃಷಣ ಸರಿಯುತ್ತದೆ. ಸಂದೇಹವಿದ್ದರೆ ರಕ್ತಸಂಚಾರ ತೋರಿಸುವ ಡಾಪ್ಲರ್ ಸ್ಕ್ಯಾನಿಂಗ್ ನೆರವಾಗುತ್ತದೆ. ಆದರೆ ಲಕ್ಷಣಗಳು ಸ್ಪಷ್ಟವಾಗಿದ್ದು ಸ್ಕ್ಯಾನಿಂಗಿಗೆ ಬೆಳಗಿನವರೆಗೆ ಕಾಯಬೇಕೆಂದಾದರೆ ಕಾಯದೆ ತೆರೆದು ನೋಡುವುದೇ ಸರಿ. ತೆರೆದು ನೋಡಿ ತಿರುಚಿರಲಿಲ್ಲವೆಂದು ತಿಳಿದರೆ ಆಗುವ ನಷ್ಟ ಒಂದು ಸಣ್ಣ ಗಾಯ.

ಎಷ್ಟೋ ಹುಡುಗರು ಇದಕ್ಕೆ ಮುಂಚೆ ಒಂದೆರಡು ಸಲ ಇಂಥದೇ ನೋವು ಬಂದು, ಅರ್ಧ ಗಂಟೆಯಲ್ಲಿ ಹೋಗಿತ್ತು ಎಂದು ಆಮೇಲೆ ಹೇಳುತ್ತಾರೆ. ಆಗ ಅದು ತಿರುಚಿ ತಾನಾಗಿ ಬಿಚ್ಚಿಕೊಂಡಿರುತ್ತದೆ. ಹಾಗೆ ಬಂದುಹೋದ ನೋವನ್ನೂ ಮರುದಿನವೇ ವೈದ್ಯರಿಗೆ ಹೇಳಬೇಕು.

ಶಸ್ತ್ರಚಿಕಿತ್ಸೆಯಲ್ಲಿ ತಿರುಚನ್ನು ಬಿಡಿಸಿ, ಬೆಚ್ಚನೆಯ ಉಪ್ಪುನೀರಿನಲ್ಲಿ ಅದ್ದಿದ ಬಟ್ಟೆಯನ್ನು ಸುತ್ತಿ, ಕಪ್ಪುಗಟ್ಟಿದ ವೃಷಣಕ್ಕೆ ಮತ್ತೆ ಬಣ್ಣ ಬರುತ್ತದೆಯೇ ಎಂದು ಶಸ್ತ್ರವೈದ್ಯರು ಕೆಲವು ನಿಮಿಷ ಕಾಯುತ್ತಾರೆ. ಬಣ್ಣ ತಿರುಗಿದರೆ ಅದನ್ನು ಚೀಲದ ಗೋಡೆಗೆ ಎರಡು ಮೂರು ಹೊಲಿಗೆಗಳಿಂದ ಕಟ್ಟುತ್ತಾರೆ, ತಿರುಗದಿದ್ದರೆ ತೆಗೆಯಬೇಕಾಗುತ್ತದೆ. ಆಮೇಲೆ, ಯಾವ ನೋವೂ ಇಲ್ಲದ ಇನ್ನೊಂದು ಬದಿಯನ್ನೂ ತೆರೆದು ಹೊಲಿಯುತ್ತಾರೆ. ಸರಿಯಿದ್ದದ್ದನ್ನು ಏಕೆ ಮುಟ್ಟಿದಿರಿ ಎಂದು ಹೊರಗೆ ಕಾದಿದ್ದ ತಂದೆ ಕೇಳುವುದುಂಟು. ಗೋಡೆಗೆ ಅಂಟಿಕೊಳ್ಳದ ಆ ರಚನೆ ಸಾಮಾನ್ಯವಾಗಿ ಎರಡೂ ಬದಿಗಳಲ್ಲಿ ಇರುತ್ತದೆ, ಉಳಿದಿರುವ ಆ ಒಂದು ಯಾವ ರಾತ್ರಿಯಲ್ಲಾದರೂ ತಿರುಚಿಕೊಳ್ಳಬಹುದು ಎಂಬುದು ಅದಕ್ಕೆ ಉತ್ತರ.